ಮನೆಯಲ್ಲೇ ಕಟ್ಟಿದ ಇ-ಸೈಕಲ್: ಎರಡು ವರ್ಷ, 7,000 ಕಿ.ಮೀ. ಆದಮೇಲೆ

ಮೈಸೂರಿನ ಕುವೆಂಪುನಗರದ ಮನೆಯಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಇದೇ ಸೈಕಲ್‌ನಲ್ಲಿ ಹೋಗಿ ಬರುತ್ತೇನೆ. ಹಳೆಯ ಗೇರ್ ಸೈಕಲ್, ಕಬ್ಬಿಣದ ಫ್ರೇಮ್. ಹಿಂದಿನ ಚಕ್ರಕ್ಕೆ 36 ವೋಲ್ಟ್, 250 ವ್ಯಾಟ್ ಗೇರ್ ಹಬ್ ಮೋಟಾರ್, ಅಂದರೆ ಚಕ್ರದ ನಡುವೆಯೇ ಕೂರುವ, ಒಳಗೆ ಗೇರ್ ಇರುವ ಮೋಟಾರ್. 250 ವ್ಯಾಟ್ ಒಳಗಿದ್ದು, ವೇಗ 25 ಕಿ.ಮೀ. ದಾಟದಿದ್ದರೆ ನೋಂದಣಿಯ ಗೋಜಿಲ್ಲ. ಗೇರ್ ಹಬ್ ಒಳಗೆ ಫ್ರೀವೀಲ್ (ಮೋಟಾರ್ ನಿಂತಿದ್ದರೂ ಚಕ್ರ ಸರಾಗವಾಗಿ ತಿರುಗಲು ಬಿಡುವ ಭಾಗ) ಇರುತ್ತದೆ, ಹಾಗಾಗಿ ಚಾರ್ಜ್ ಮುಗಿದರೂ ತುಳಿಯಲು ಭಾರ ಅನ್ನಿಸುವುದಿಲ್ಲ. ಮೋಟಾರ್ ಬಗ್ಗೆ ಇಷ್ಟು ಸಾಕು, ಅದು ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ನನ್ನನ್ನು ಕಾಡಿದ್ದು ಬ್ಯಾಟರಿ. 36 ವೋಲ್ಟ್, 10 ಆಂಪಿಯರ್-ಅವರ್ (ಒಂದು ಆಂಪಿಯರ್‌ನಂತೆ ಎಳೆದರೆ ಹತ್ತು ಗಂಟೆ ಬರುವಷ್ಟು) ಅಂತ ಚೀಟಿ ಅಂಟಿಸಿದ್ದ ಲಿಥಿಯಂ ಪ್ಯಾಕ್ ತಂದೆ. ಸೈಕಲ್‌ಗೆ ಕಟ್ಟುವ ಮೊದಲು ಪರೀಕ್ಷೆ ಮಾಡೋಣ ಅನ್ನಿಸಿತು. ಕಾರಿನ 55 ವ್ಯಾಟ್ ಹ್ಯಾಲೊಜೆನ್ ಬಲ್ಬ್ ಮೂರನ್ನು ಒಂದರ ಹಿಂದೆ ಒಂದು ಜೋಡಿಸಿ, ಸಿಮೆಂಟ್ ನೆಲದ ಮೇಲಿಟ್ಟು ಉರಿಸಿದೆ. ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತವೆ. ಲೆಕ್ಕದ ಪ್ರಕಾರ ಎರಡು ಗಂಟೆ ದಾಟಬೇಕು ಅಲ್ವಾ? ಒಂದು ಗಂಟೆ ಮೂವತ್ತೈದು ನಿಮಿಷಕ್ಕೇ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕಟ್ ಮಾಡಿ, ಮೂರೂ ಬಲ್ಬ್ ಒಟ್ಟಿಗೆ ಆರಿದವು. ಅಂದರೆ ಹತ್ತಿರ ಹತ್ತಿರ ಏಳೇ ಆಂಪಿಯರ್-ಅವರ್! ಅಷ್ಟು ದುಡ್ಡು ಕೊಟ್ಟು ತಂದಿದ್ದು, ತುಂಬಾ ಬೇಜಾರಾಯಿತು. ವಾಪಸ್ ಕೊಟ್ಟು, ಬೇರೆ ಕಡೆ ಕಟ್ಟಿಸಿದೆ. ಅದು ಎರಡು ಗಂಟೆ ಹತ್ತು ನಿಮಿಷ ಬಂತು.

ಕಟ್ಟಿಸುವಾಗ ಬಿಎಂಎಸ್ ಎಷ್ಟು ಆಂಪಿಯರ್‌ದು ಅಂತ ಕೇಳಿ. ನನ್ನ ಕಂಟ್ರೋಲರ್ (ಮೋಟಾರ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿಯಂತ್ರಿಸುವ ಡಬ್ಬಿ) 15 ಆಂಪಿಯರ್, ಬಿಎಂಎಸ್ 20. ಇದು ಉಲ್ಟಾ ಆದರೆ ಏರಿನ ಮಧ್ಯದಲ್ಲೇ ಕರೆಂಟ್ ಹೋಗುತ್ತದೆ. ಚಾರ್ಜರ್ 42 ವೋಲ್ಟ್‌ಗೆ ನಿಲ್ಲುತ್ತದಾ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ರಾತ್ರಿ ಮಲಗಿರುವಾಗ ನಾನು ಚಾರ್ಜ್‌ಗೆ ಹಾಕುವುದೇ ಇಲ್ಲ.

ಟಾರ್ಕ್ ಆರ್ಮ್ (ಮೋಟಾರ್‌ನ ಬಲಕ್ಕೆ ಆಕ್ಸಲ್ ತಿರುಗದಂತೆ ಫ್ರೇಮ್‌ಗೆ ಹಿಡಿದಿಡುವ ಪಟ್ಟಿ) ಬೇಡ, ನಟ್ ಬಿಗಿ ಇದ್ದರೆ ಸಾಕು ಅಂದುಕೊಂಡಿದ್ದು ನನ್ನ ದೊಡ್ಡ ತಪ್ಪು. ಮೂರನೇ ತಿಂಗಳು ಸಿಗ್ನಲ್‌ನಲ್ಲಿ ಹೊರಟಾಗ 'ಟಕ್' ಅಂತ ಸದ್ದು. ನಟ್ ಸಡಿಲವಾಗಿ, ಆಕ್ಸಲ್ ಕೂರುವ ಸೀಳಿನ ಅಂಚು ಸವೆದಿತ್ತು. ಆಕ್ಸಲ್ ಪೂರ್ತಿ ತಿರುಗಿದ್ದರೆ ಅದರೊಳಗಿಂದ ಬರುವ ವೈರೇ ತುಂಡಾಗುತ್ತಿತ್ತು, ಚಕ್ರವೂ ಕಳಚಬಹುದಿತ್ತು. ಈಗ ಎರಡೂ ಕಡೆ ಕಬ್ಬಿಣದ ಟಾರ್ಕ್ ಆರ್ಮ್ ಇದೆ. ಪ್ರತಿ ಭಾನುವಾರ ಸ್ಪ್ಯಾನರ್ ಹಾಕಿ ನೋಡುತ್ತೇನೆ.

ಮಳೆಗೆ ಒಂದು ಸುಲಭ ಉಪಾಯ: ವೈರ್ ಕಂಟ್ರೋಲರ್‌ಗೆ ಸೇರುವ ಮುಂಚೆ ಸ್ವಲ್ಪ ಕೆಳಗೆ ಜೋತುಬಿಡಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಜೊತೆಗೆ ತುಳಿದರೆ ಒಂದು ಚಾರ್ಜ್‌ಗೆ 28 ಕಿ.ಮೀ. ಬರುತ್ತಿತ್ತು, ಈಗ 25. ಹೋದ ತಿಂಗಳು ಅದೇ ಮೂರು ಬಲ್ಬ್ ಹಾಕಿ ಮತ್ತೆ ಪರೀಕ್ಷಿಸಿದೆ. ಒಂದು ಗಂಟೆ ಐವತ್ತೈದು ನಿಮಿಷ ಉರಿದವು.