ಒಂಬತ್ತು ವರ್ಷ ಉಟ್ಟ ಎಂಟು ಗಜದ ಕಿಲ್ಟ್

ಕನ್ನಡದಲ್ಲಿ ನಾವು ಪ್ಯಾಂಟನ್ನು ತೊಡುತ್ತೇವೆ, ಪಂಚೆಯನ್ನು ಉಡುತ್ತೇವೆ. ಸ್ಕಾಟ್ಲೆಂಡಿನ ಗಂಡಸರ ಸಾಂಪ್ರದಾಯಿಕ ಉಡುಪಾದ, ಮೊಣಕಾಲಿನವರೆಗೆ ಬರುವ ನಿರಿಗೆಯ ಕಿಲ್ಟಿಗೆ ಈ ಎರಡರಲ್ಲಿ ಯಾವ ಮಾತು ಸರಿ ಎಂಬ ನನ್ನ ಅನುಮಾನ ಮೊದಲ ವರ್ಷದಲ್ಲೇ ತೀರಿತು. ಬಕಲ್, ಚರ್ಮದ ಪಟ್ಟಿ, ಹೊಲಿದು ಕೂರಿಸಿದ ನಿರಿಗೆ ಎಲ್ಲವೂ ಇದ್ದರೂ ಅದು ಸೊಂಟಕ್ಕೆ ಸುತ್ತಿ ಉಡುವ ಬಟ್ಟೆಯೇ ಹೌದು. ಕೆಲಸದ ನಿಮಿತ್ತ ಮಂಗಳೂರಿನಿಂದ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಬಂದು ನೆಲೆಸಿದ ನಾನು 2016ರಲ್ಲಿ ಕೈಯಲ್ಲೇ ಹೊಲಿದ, ಅಪ್ಪಟ ಉಣ್ಣೆಯ ಒಂದು ಕಿಲ್ಟನ್ನು 560 ಪೌಂಡ್ ಕೊಟ್ಟು ಮಾಡಿಸಿಕೊಂಡೆ. ಅಂದಿನಿಂದ ವಾರಕ್ಕೆ ಸರಾಸರಿ ಎರಡು ದಿನದಂತೆ ಒಂಬತ್ತು ವರ್ಷ ಅದನ್ನು ಉಟ್ಟಿದ್ದೇನೆ. ಮದುವೆಗೆ ಒಮ್ಮೆ ಬಾಡಿಗೆಗೆ ತಂದು ಉಟ್ಟವರ ಅಭಿಪ್ರಾಯಗಳು ಬೇಕಾದಷ್ಟು ಸಿಗುತ್ತವೆ. ಕಚೇರಿಗೆ, ಸಂತೆಗೆ, ಬೆಟ್ಟ ಹತ್ತಲು ಇದನ್ನೇ ಉಡುವವನ ಅನುಭವ ಕೊಳ್ಳಬೇಕೆಂದಿರುವವರಿಗೆ ಹೆಚ್ಚು ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ನಾನೊಂದು ತಪ್ಪು ಮಾಡಿದ್ದೆ. ಪ್ರವಾಸಿಗರ ಬೀದಿಯ ಅಂಗಡಿಯೊಂದರಲ್ಲಿ 40 ಪೌಂಡಿಗೆ ಸಿಕ್ಕ ಅಕ್ರಿಲಿಕ್ ಕಿಲ್ಟನ್ನು ತಂದಿದ್ದೆ. ನೋಡಲು ಬಣ್ಣ ಚೆನ್ನಾಗಿತ್ತು. ಆದರೆ ಅದರಲ್ಲಿ ಬಟ್ಟೆಯೇ ಕಡಿಮೆ, ನಿರಿಗೆಗಳಲ್ಲಿ ಆಳವಿಲ್ಲ, ತೂಕವಂತೂ ಇಲ್ಲವೇ ಇಲ್ಲ. ಅಬರ್ಡೀನ್ ಬಂದರಿನ ಕಡೆಯಿಂದ ಬೀಸುವ ಗಾಳಿಗೆ ಅದು ಒಂದು ಕ್ಷಣವೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎರಡು ಬಾರಿ ಒಗೆಯುವಷ್ಟರಲ್ಲಿ ನಿರಿಗೆಗಳ ಗೆರೆ ಅಳಿಸಿಹೋಗಿ ಇಡೀ ಬಟ್ಟೆ ಚೀಲದಂತೆ ಜೋತುಬಿದ್ದಿತು. ಕಿಲ್ಟ್ ಅನುಕೂಲದ ಉಡುಪಲ್ಲ ಎಂದು ಹೇಳುವ ಅನೇಕರು ಉಟ್ಟು ನೋಡಿರುವುದು ಇಂಥದನ್ನೇ ಎಂಬುದು ನನ್ನ ಬಲವಾದ ನಂಬಿಕೆ. ಅಂಥವರಿಗೆ ಈ ಉಡುಪಿನ ನಿಜವಾದ ಗುಣ ತಿಳಿಯುವ ಅವಕಾಶವೇ ಸಿಕ್ಕಿರುವುದಿಲ್ಲ.

ಆ ಗುಣವಿರುವುದು ತೂಕದಲ್ಲಿ. ಕಿಲ್ಟಿನ ಉಣ್ಣೆಬಟ್ಟೆಯನ್ನು ಒಂದು ಗಜಕ್ಕೆ ಎಷ್ಟು ಔನ್ಸ್ ಎಂಬ ಲೆಕ್ಕದಲ್ಲಿ ಗುರುತಿಸುತ್ತಾರೆ. ಹಗುರವಾದದ್ದು ಸುಮಾರು 11 ಔನ್ಸ್, ಮಧ್ಯಮ 13, ಭಾರವಾದದ್ದು 16. ಎಂಟು ಗಜ ಎಂದಾಗ ಸುಮಾರು ಏಳೂಕಾಲು ಮೀಟರ್ ಬಟ್ಟೆ. ದೊಡ್ಡ ಪನ್ನದ ನಾಲ್ಕು ಗಜವನ್ನು ಉದ್ದಕ್ಕೆ ಸೀಳಿ, ಎರಡು ತುಂಡುಗಳನ್ನು ನಿರಿಗೆಯ ಒಳಗೆ ಕಾಣದಂತೆ ಜೋಡಿಸುತ್ತಾರೆ. ಕೆಳಗಿನ ಅಂಚನ್ನು ಮಡಚಿ ಹೊಲಿಯುವುದಿಲ್ಲ, ಮಗ್ಗದಿಂದ ಬಂದ ಅಂಚೇ ಮೊಣಕಾಲಿನ ಬಳಿ ನಿಲ್ಲುತ್ತದೆ. ನನ್ನದು 16 ಔನ್ಸಿನದು, ಕೈಗೆತ್ತಿಕೊಂಡರೆ ಎರಡು ಕಿಲೋಗೆ ತುಸು ಕಡಿಮೆ. ಹಿಂಭಾಗದಲ್ಲಿ 27 ನಿರಿಗೆಗಳಿವೆ. ನಿರಿಗೆಗಳನ್ನು ಮಡಚಿದ ಮೇಲೂ ಟಾರ್ಟನ್ ಎಂಬ ಬಣ್ಣದ ಪಟ್ಟಿಗಳ ವಿನ್ಯಾಸದ ಚೌಕುಳಿ ಎಲ್ಲೂ ತುಂಡಾಗದೆ ಮುಂಭಾಗದಂತೆಯೇ ಕಾಣಬೇಕಾದರೆ, ಪ್ರತಿ ನಿರಿಗೆಯನ್ನು ಪೃಷ್ಠದಿಂದ ಸೊಂಟದವರೆಗೆ ಕೂದಲೆಳೆಯಷ್ಟೂ ತಪ್ಪದಂತೆ ಕಿರಿದಾಗಿಸುತ್ತ ಕೈಯಲ್ಲಿ ಹೊಲಿಯಬೇಕು. ಇದಕ್ಕೆ 20 ಗಂಟೆಗೂ ಹೆಚ್ಚು ಸಮಯ ಹಿಡಿಯಿತೆಂದು ಹೊಲಿದುಕೊಟ್ಟ ಮಹಿಳೆ ಹೇಳಿದರು. ನಾನು ಹತ್ತು ವಾರ ಕಾದೆ. ಈ ಕಾಯುವಿಕೆಯ ಬಗ್ಗೆ ನನ್ನಲ್ಲಿ ಯಾವ ದೂರೂ ಇಲ್ಲ.

ಅಳತೆ ಕೊಡುವಾಗ ಒಂದು ಎಚ್ಚರಿಕೆ ಬೇಕು. ಪ್ಯಾಂಟಿನ ಸೊಂಟದಳತೆ ಇಲ್ಲಿ ಕೆಲಸಕ್ಕೆ ಬಾರದು. ಕಿಲ್ಟ್ ಹೊಕ್ಕುಳಿನ ಮಟ್ಟದಲ್ಲಿ, ಕೆಲವೊಮ್ಮೆ ಅದಕ್ಕಿಂತ ಮೇಲೆ ಕೂರುತ್ತದೆ. ಕೆಳಗೆ ಮೊಣಕಾಲ ಚಿಪ್ಪಿನ ನಡುಭಾಗಕ್ಕೆ ಮುಗಿಯುತ್ತದೆ. ಪ್ಯಾಂಟಿನ ಅಳತೆ ಕಳಿಸಿ ತರಿಸಿಕೊಂಡ ನನ್ನ ಸಹೋದ್ಯೋಗಿಯೊಬ್ಬರಿಗೆ ಅದು ಮೀನಖಂಡದವರೆಗೆ ಇಳಿದು, ಕೊನೆಗೆ ಮಾರಬೇಕಾಯಿತು.

ಬಟ್ಟೆಯ ಗುಣ ಗೊತ್ತಾದ ಮೇಲೆ ಉಳಿದದ್ದು ಟಾರ್ಟನ್ನಿನ ಆಯ್ಕೆ. ನನ್ನ ಮಟ್ಟಿಗೆ ಇದು ಇಡೀ ಖರೀದಿಯಲ್ಲಿ ಅತ್ಯಂತ ಕಷ್ಟದ ಭಾಗವಾಗಿತ್ತು. ಸ್ಕಾಟ್ಲೆಂಡಿನ ಹಲವು ಕುಲಗಳಿಗೆ ತಮ್ಮದೇ ಆದ ಟಾರ್ಟನ್ ಇದೆ. ಅಂಥ ಕುಲದ ಹೆಸರಿಲ್ಲದವರು ಯಾವುದನ್ನು ಉಡಬೇಕು ಎಂದು ಕೇಳಿದರೆ ಬಹುತೇಕ ಎಲ್ಲರೂ ಸೂಚಿಸುವುದು ಬ್ಲ್ಯಾಕ್ ವಾಚ್ ಎಂಬ ಸೇನಾ ರೆಜಿಮೆಂಟಿನ ಹೆಸರಿನ ಕಡುನೀಲಿ, ಕಡುಹಸಿರಿನ ಟಾರ್ಟನ್ನನ್ನು. ಅದನ್ನು ಯಾರು ಬೇಕಾದರೂ ಉಡಬಹುದು. ನಾನೂ ಅದನ್ನೇ ಆರಿಸಿ, ಮುಂಗಡ ಕೊಡುವ ಮೊದಲು ಅದರ ಹಿನ್ನೆಲೆ ತಿಳಿಯೋಣವೆಂದು ಪರ್ತ್ ನಗರದ ಬಾಲ್‌ಹೌಸಿ ಕ್ಯಾಸಲ್‌ನಲ್ಲಿರುವ ಆ ರೆಜಿಮೆಂಟಿನ ವಸ್ತುಸಂಗ್ರಹಾಲಯಕ್ಕೆ ಹೋದೆ. ಆ ಪಡೆಗೆ ಸಂದ ಯುದ್ಧಗೌರವಗಳ ಸಾಲಿನಲ್ಲಿ ಮೈಸೂರು ಇತ್ತು, ಶ್ರೀರಂಗಪಟ್ಟಣ ಇತ್ತು, ನನ್ನ ಊರಾದ ಮಂಗಳೂರೂ ಇತ್ತು. ಆ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ 1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಮಂಗಳೂರಿನ ಕೋಟೆಯೊಳಗೆ ಟಿಪ್ಪುವಿನ ಸೇನೆಯ ಮುತ್ತಿಗೆಯನ್ನು ಎದುರಿಸಿತ್ತು. 1786ರಲ್ಲಿ 73ನೆಯ ರೆಜಿಮೆಂಟಾಗಿ ಬೇರೆಯಾದ ಅದೇ ಪಡೆ 1799ರಲ್ಲಿ ಶ್ರೀರಂಗಪಟ್ಟಣದ ಮೇಲಿನ ದಾಳಿಯಲ್ಲಿತ್ತು. 1881ರಲ್ಲಿ ಅದನ್ನು ಮತ್ತೆ ಮೂಲ ರೆಜಿಮೆಂಟಿಗೆ ಸೇರಿಸಿದಾಗ ಈ ಗೌರವಗಳೂ ಜೊತೆಗೆ ಬಂದವು. ಆ ಯುದ್ಧವನ್ನು ಮುಗಿಸಿದ, ಬಾಲ್ಯದಲ್ಲಿ ಶಾಲೆಯಲ್ಲಿ ಓದಿದ ಮಂಗಳೂರು ಒಪ್ಪಂದದ ಇನ್ನೊಂದು ಬದಿಯನ್ನು ನಾನು ಅಲ್ಲಿ ನಿಂತು ನೋಡುತ್ತಿದ್ದೆ.

ಆ ಟಾರ್ಟನ್ ಉಡುವವರ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಇಲ್ಲಿನ ಅನೇಕ ಕುಟುಂಬಗಳಿಗೆ ಅದು ಅಜ್ಜ ಮುತ್ತಜ್ಜಂದಿರ ನೆನಪು. ಆದರೆ ನನ್ನ ಊರಿನ ಹೆಸರು ಯುದ್ಧಗೌರವವಾಗಿ ದಾಖಲಾಗಿರುವ ಬಣ್ಣವನ್ನು ನಾನೇ ಸೊಂಟಕ್ಕೆ ಸುತ್ತಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಪರಂಪರೆಯ ಉಡುಪನ್ನು ಗೌರವದಿಂದ ಉಡಬೇಕೆಂದರೆ ಅದರ ಪೂರ್ಣ ಕಥೆಯನ್ನು ತಿಳಿದೇ ಉಡಬೇಕು ಎಂಬುದು ನನ್ನ ಅಭಿಪ್ರಾಯ. ಕೊನೆಗೆ ಐಲ್ ಆಫ್ ಸ್ಕೈ ಎಂಬ, 1990ರ ದಶಕದಲ್ಲಿ ರೂಪುಗೊಂಡ ಟಾರ್ಟನ್ನನ್ನು ಆರಿಸಿದೆ. ಸ್ಕೈ ದ್ವೀಪದ ಬೆಟ್ಟಗಳ ಹೆದರ್ ಹೂವಿನ ನೇರಳೆ, ಹುಲ್ಲಿನ ಹಸಿರು, ಮಂಜಿನ ಬೂದು ಅದರಲ್ಲಿವೆ. ಅದು ಯಾವ ಕುಲಕ್ಕೂ ಸೇರಿದ್ದಲ್ಲ, ಯಾವ ಪಡೆಯದೂ ಅಲ್ಲ. ಟಾರ್ಟನ್ನುಗಳನ್ನು ದಾಖಲಿಸಲು 2009ರಿಂದ ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಅಧಿಕೃತ ನೋಂದಣಿ ಪುಸ್ತಕವೇ ಇದೆ. ಹೊಸ ವಿನ್ಯಾಸಗಳು ಅಲ್ಲಿ ಸೇರುತ್ತಲೇ ಇರುತ್ತವೆ. ಹಾಗಾಗಿ ಹೊರಗಿನಿಂದ ಬಂದವರು ಆಯ್ಕೆಯೇ ಇಲ್ಲವೆಂದು ಹಿಂಜರಿಯಬೇಕಾದದ್ದಿಲ್ಲ.

ಪರಕೀಯನೊಬ್ಬ ಕಿಲ್ಟ್ ಉಟ್ಟರೆ ಇಲ್ಲಿಯವರು ಏನೆಂದುಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಊರಿನ ಸ್ನೇಹಿತರು ನನಗೆ ಮತ್ತೆ ಮತ್ತೆ ಕೇಳುತ್ತಾರೆ. ನನ್ನನ್ನು ಯಾರೂ ಒಮ್ಮೆಯೂ ಆಕ್ಷೇಪಿಸಿಲ್ಲ. ಬದಲಿಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ವೃದ್ಧರೊಬ್ಬರು, ಕಿಲ್ಟಿನ ಮುಂಭಾಗದಲ್ಲಿ ಒಂದರ ಮೇಲೊಂದು ಕೂರುವ ನಿರಿಗೆಯಿಲ್ಲದ ಎರಡು ಪದರಗಳಲ್ಲಿ (ಏಪ್ರನ್) ಹೊರಗಿನ ಏಪ್ರನ್ನಿನ ಮೂಲೆಗೆ ಚುಚ್ಚುವ ಪಿನ್ನನ್ನು ನಾನು ಒಳಗಿನ ಏಪ್ರನ್ನಿಗೂ ಸೇರಿಸಿ ಚುಚ್ಚಿದ್ದನ್ನು ಕಂಡು, ಹಾಗೆ ಮಾಡಿದರೆ ಕೂತೇಳುವಾಗ ಬಟ್ಟೆ ಹರಿಯುತ್ತದೆಂದು ತಾವೇ ಬಿಡಿಸಿ ಸರಿಪಡಿಸಿದರು. ಈ ಉಡುಪಿನ ಬಗೆಗಿನ ಇಲ್ಲಿಯವರ ಮಮತೆಗೆ ಕಾರಣವೂ ಇದೆ. 1746ರ ಏಪ್ರಿಲ್ 16ರಂದು ಕಲೋಡನ್ ಕಾಳಗದಲ್ಲಿ, ಪದಚ್ಯುತ ಸ್ಟುವರ್ಟ್ ರಾಜಮನೆತನದ ಬೆಂಬಲಿಗರಾದ ಜಾಕೊಬೈಟರು ಸೋತ ಮೇಲೆ ಬಂದ ಕಾನೂನು, ಸ್ಕಾಟ್ಲೆಂಡಿನ ಉತ್ತರದ ಬೆಟ್ಟಪ್ರದೇಶವಾದ ಹೈಲೆಂಡಿನ ಸಾಮಾನ್ಯ ಗಂಡಸರು ಕಿಲ್ಟ್ ಉಡುವುದನ್ನು ಅಪರಾಧವಾಗಿಸಿತು. ಮೊದಲ ಬಾರಿ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಎರಡನೆಯ ಬಾರಿ ಏಳು ವರ್ಷ ಕಡಲಾಚೆಯ ಗಡಿಪಾರು. ಸೇನೆಗೆ ಸೇರಿದವರಿಗೆ ಮಾತ್ರ ವಿನಾಯಿತಿ ಇತ್ತು. 1782ರಲ್ಲಿ ಕಾನೂನು ರದ್ದಾಗುವ ಹೊತ್ತಿಗೆ ದಿನಬಳಕೆಯ ಅಭ್ಯಾಸ ಬಹುಪಾಲು ತಪ್ಪಿಹೋಗಿತ್ತು. 1822ರಲ್ಲಿ ರಾಜ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಭೇಟಿ ಕೊಟ್ಟಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಮಾರಂಭಗಳಲ್ಲಿ ಕಿಲ್ಟ್ ಮೆರೆಯಿತಾದರೂ ಅದು ಹಬ್ಬದ ಉಡುಪಾಗಿ ಮರಳಿತೇ ಹೊರತು ಹೊಲದ ಉಡುಪಾಗಿ ಅಲ್ಲ. ಇಂದಿಗೂ ಹೆಚ್ಚಿನವರು ಅದನ್ನು ಮದುವೆಗೆ, ಕವಿ ರಾಬರ್ಟ್ ಬರ್ನ್ಸ್ ನೆನಪಿನ ಜನವರಿ 25ರ ಬರ್ನ್ಸ್ ರಾತ್ರಿಗೆ, ಸೆಪ್ಟೆಂಬರಿನಲ್ಲಿ ನಡೆಯುವ ಬ್ರೇಮಾರ್ ಕ್ರೀಡಾಕೂಟಕ್ಕೆ ಎಂದು ಎತ್ತಿಡುತ್ತಾರೆ. ಮಂಗಳವಾರದ ಬೆಳಗ್ಗೆ ಅದನ್ನು ಉಟ್ಟು ಹಾಲು ತರಲು ಹೋಗುವವರನ್ನು ಕಂಡಾಗ ಹಿರಿಯರ ಮುಖದಲ್ಲಿ ಮೂಡುವ ಸಂತೋಷವನ್ನು ನಾನು ಬಹಳ ಸಲ ನೋಡಿದ್ದೇನೆ.

ಇನ್ನು ದಿನನಿತ್ಯದ ಅನುಕೂಲ. ಬೆನ್ನಿನ ಕೆಳಭಾಗಕ್ಕೆ ನಿರಿಗೆಯ ಹಲವು ಪದರಗಳ ಬೆಚ್ಚನೆಯ ಹೊದಿಕೆ ಸಿಗುತ್ತದೆ, ಕಾಲುಗಳಿಗೆ ಗಾಳಿಯಾಡುತ್ತದೆ. ಉದ್ದನೆಯ ಉಣ್ಣೆ ಕಾಲುಚೀಲ ಹಾಕಿದರೆ ಚಳಿಗೆ ಒಡ್ಡಿಕೊಳ್ಳುವುದು ಮೊಣಕಾಲು ಮಾತ್ರ. ಸೊನ್ನೆ ಡಿಗ್ರಿಯಲ್ಲೂ ನಾನು ನಿಶ್ಚಿಂತೆಯಿಂದ ನಡೆದಿದ್ದೇನೆ. ಪಂಚೆ ಉಟ್ಟವರಿಗಿರುವ ಜಾರುವ ಭಯ ಇಲ್ಲಿಲ್ಲ: ಒಳ ಏಪ್ರನ್ನಿನ ಪಟ್ಟಿ ಎಡಬದಿಯ ಸೀಳಿನ ಮೂಲಕ ಹೊರಬಂದು ಬಕಲ್ ಸೇರುತ್ತದೆ, ಹೊರ ಏಪ್ರನ್ ಬಲಬದಿಯ ಎರಡು ಬಕಲ್‌ಗಳಿಗೆ ಬಿಗಿಯುತ್ತದೆ. ಬೆಟ್ಟ ಹತ್ತುವಾಗ ಮೊಣಕಾಲನ್ನು ಯಾವ ಬಟ್ಟೆಯೂ ಹಿಡಿದೆಳೆಯುವುದಿಲ್ಲ. ಕೆಯ್ಲಿ ಎಂಬ ಇಲ್ಲಿನ ಜನಪದ ಕೂಟದ ನೃತ್ಯದಲ್ಲಿ ಗಿರಕಿ ಹೊಡೆಯುವಾಗ ನಿರಿಗೆಗಳು ಬಿಚ್ಚಿಕೊಂಡು ಮತ್ತೆ ತಮ್ಮ ಜಾಗಕ್ಕೆ ತಾವೇ ಬಂದು ಕೂರುವುದನ್ನು ಉಟ್ಟವರೇ ಅನುಭವಿಸಬೇಕು. ಕೂರುವಾಗ ಅಂಗೈಯಿಂದ ನಿರಿಗೆಗಳನ್ನು ಹಿಂದಿನಿಂದ ಸವರಿ ಕೂರುವ ಅಭ್ಯಾಸ ಒಂದು ತಿಂಗಳಲ್ಲಿ ಕೈಗೆ ಬರುತ್ತದೆ.

ತೊಂದರೆಗಳೂ ಇವೆ. ಬೈಸಿಕಲ್ ತುಳಿಯುವುದು ನನಗಂತೂ ಸಾಧ್ಯವಾಗಲಿಲ್ಲ. ಜೇಬಿಲ್ಲದ ಕಾರಣ ಎಲ್ಲವೂ ಸೊಂಟದ ಮುಂದೆ ತೂಗುವ ಸ್ಪೊರನ್ ಎಂಬ ಚರ್ಮದ ಚೀಲಕ್ಕೆ ಹೋಗಬೇಕು. ಕಾರು ಓಡಿಸುವಾಗ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳಬೇಕು, ಮತ್ತು ಫೋನುಗಳು ದೊಡ್ಡದಾದಂತೆ ನಾನು ಒಮ್ಮೆ ಚೀಲವನ್ನೇ ಬದಲಿಸಬೇಕಾಯಿತು. ಮಳೆಯಲ್ಲಿ ಚೆನ್ನಾಗಿ ನೆಂದ 16 ಔನ್ಸಿನ ಉಣ್ಣೆ ಒಣಗಲು ಎರಡು ದಿನ ಬೇಕು, ಒದ್ದೆ ಅಂಚು ಮೊಣಕಾಲ ಹಿಂದೆ ಉಜ್ಜಿ ಚರ್ಮ ಕೆಂಪಾಗುತ್ತದೆ. ಬೇಸಿಗೆಯಲ್ಲಿ ಪಶ್ಚಿಮ ಕರಾವಳಿಗೆ ಹೋದರೆ ಮಿಜ್ ಎಂಬ ಸಣ್ಣ ನೊರಜುಗಳು ಬರಿಗಾಲನ್ನು ಬಿಡುವುದಿಲ್ಲ. ಕಾಲುಚೀಲದಲ್ಲಿ ಸಿಕ್ಕಿಸುವ ಸ್ಕಿಯನ್ ಡೂ ಎಂಬ ಕಿರುಗತ್ತಿಗೆ ರಾಷ್ಟ್ರೀಯ ಉಡುಪಿನ ಭಾಗವಾಗಿ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅವಕಾಶವಿದ್ದರೂ ವಿಮಾನದಲ್ಲಿ ಕೈಚೀಲದೊಂದಿಗೆ ಒಯ್ಯುವಂತಿಲ್ಲ. ದಿನಬಳಕೆಗೆ ಅದರ ಅಗತ್ಯವೂ ಇಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸಿರುವುದು ಬಟ್ಟೆಯ ದೋಷವಲ್ಲ. ಒಳಗೇನು ಹಾಕಿದ್ದೀರಿ ಎಂದು ಅಪರಿಚಿತರು ಕೇಳುತ್ತಾರೆ. ಒಂದು ಮದುವೆಯ ಔತಣದಲ್ಲಿ ಕುಡಿದವರೊಬ್ಬರು ಹಿಂದಿನಿಂದ ಬಟ್ಟೆಯನ್ನು ಎತ್ತಲು ಬಂದರು. ಸೀರೆಯುಟ್ಟ ಹೆಣ್ಣುಮಗಳೊಂದಿಗೆ ಯಾರಾದರೂ ಹೀಗೆ ನಡೆದುಕೊಂಡರೆ ಅದನ್ನು ಏನೆಂದು ಕರೆಯುತ್ತೇವೋ ಇದನ್ನೂ ಹಾಗೆಯೇ ಕರೆಯಬೇಕು. ಕೊಳ್ಳುವವರಿಗೆ ನನ್ನ ಸಲಹೆ: ಹತ್ತಿಯ ಒಳಉಡುಪು ಧರಿಸಿ, ಉಣ್ಣೆ ಚರ್ಮಕ್ಕೆ ತಗುಲಿ ಕೆರೆಯುವುದೂ ತಪ್ಪುತ್ತದೆ, ಬಟ್ಟೆಯೂ ಹೆಚ್ಚು ಕಾಲ ಶುಚಿಯಾಗಿರುತ್ತದೆ.

ಒಮ್ಮೆ ಡಿಸೆಂಬರಿನಲ್ಲಿ ತಮ್ಮನ ಮದುವೆಗೆ ಇದನ್ನು ಮಂಗಳೂರಿಗೆ ಒಯ್ದಿದ್ದೆ. ಡಿಸೆಂಬರಿನಲ್ಲೂ ಕರಾವಳಿಯ ಸೆಕೆ ಈ ಬಟ್ಟೆಗೆ ಹೇಳಿಸಿದ್ದಲ್ಲ. ಅರ್ಧ ಗಂಟೆಯಲ್ಲಿ ಬೆವರಿ, ಒಳಗೆ ಹೋಗಿ ಬಿಳಿ ಪಂಚೆ ಉಟ್ಟು ಬಂದೆ. ಅಷ್ಟರಲ್ಲಿ ಅಮ್ಮ ಅದನ್ನು ಮಡಿಲಲ್ಲಿ ಹರಡಿಕೊಂಡು ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. "ನಿರಿಗೆ ಹಿಂದಕ್ಕೆ ಯಾಕೆ ಮಗಾ? ಆದರೂ ಹಿಡಿದವರ ಕೈ ಒಳ್ಳೆಯದು" ಎಂದರು. ಹದಿನೇಳನೆಯ ಶತಮಾನದಲ್ಲಿ ಇದು ಹೊಲಿಗೆಯೇ ಇಲ್ಲದ ಉದ್ದನೆಯ ಉಣ್ಣೆಬಟ್ಟೆಯಾಗಿತ್ತು, ದಿನವೂ ಕೈಯಲ್ಲೇ ನಿರಿಗೆ ಹಿಡಿದು ಬೆಲ್ಟ್ ಬಿಗಿಯುತ್ತಿದ್ದರು, ಮೇಲಿನ ಭಾಗವನ್ನು ಹೆಗಲಿಗೆ ಹೊದ್ದುಕೊಳ್ಳುತ್ತಿದ್ದರು, ರಾತ್ರಿ ಅದೇ ಕಂಬಳಿಯಾಗುತ್ತಿತ್ತು ಎಂದು ನಾನು ವಿವರಿಸಿದಾಗ ಅವರಿಗೆ ಅದು ಕೂಡಲೇ ಅರ್ಥವಾಯಿತು.

ನಿರ್ವಹಣೆಯ ಕೆಲಸ ಹೆಚ್ಚಿಲ್ಲ, ಆದರೆ ತಪ್ಪಿಸುವಂತಿಲ್ಲ. ಉಟ್ಟ ಮೇಲೆ ಬ್ರಷ್‌ನಿಂದ ಉಜ್ಜಿ, ಸೊಂಟದ ಪಟ್ಟಿಯನ್ನು ಕ್ಲಿಪ್ಪಿನಲ್ಲಿ ಹಿಡಿಸಿ ಗಾಳಿಗೆ ತೂಗುಹಾಕುತ್ತೇನೆ. ಒಂಬತ್ತು ವರ್ಷದಲ್ಲಿ ಡ್ರೈಕ್ಲೀನಿಂಗ್‌ಗೆ ಕೊಟ್ಟದ್ದು ಎರಡೇ ಬಾರಿ. ಇಸ್ತ್ರಿ ಮಾಡುವ ಮೊದಲು ನಿರಿಗೆಗಳಿಗೆ ಕಚ್ಚಾ ಹೊಲಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಹಾಸಿ ಒತ್ತಬೇಕು. ಪ್ರಯಾಣದಲ್ಲಿ ಉದ್ದಕ್ಕೆ ಸುರುಳಿ ಸುತ್ತಿ, ಕತ್ತರಿಸಿದ ಹಳೆಯ ಸ್ಟಾಕಿಂಗ್ ಒಳಗೆ ತೂರಿಸಿಟ್ಟರೆ ಒಂದು ನಿರಿಗೆಯೂ ಕೆಡುವುದಿಲ್ಲ. ಮೂರನೆಯ ವರ್ಷ ಅಲಕ್ಷ್ಯದಿಂದ ಬೀರುವಿನ ಮೂಲೆಯಲ್ಲಿಟ್ಟಾಗ ನುಸಿ ಹಿಡಿದು ಒಳ ಏಪ್ರನ್ನಿನಲ್ಲಿ ಮೂರು ತೂತುಗಳಾದವು. ರಫು ಮಾಡಿಸಲು 45 ಪೌಂಡ್ ಹೋಯಿತು. ಈಗ ಮೊಹರು ಮಾಡಿದ ಬಟ್ಟೆಯ ಚೀಲದಲ್ಲಿ ಇಡುತ್ತೇನೆ.

ಇಷ್ಟು ಹಣ ಹೊಂದಿಸಲಾಗದವರು ಅಕ್ರಿಲಿಕ್ ಕಡೆಗೆ ಹೋಗಬೇಡಿ. ಪಾಲಿಸ್ಟರ್ ಮತ್ತು ವಿಸ್ಕೋಸ್ ಮಿಶ್ರಣದ ಕಿಲ್ಟುಗಳನ್ನು ಮನೆಯಲ್ಲೇ ಒಗೆಯಬಹುದು, ಸೆಕೆಯ ಊರುಗಳಿಗೆ ಅವು ಉಣ್ಣೆಗಿಂತಲೂ ತಕ್ಕವು. ಜೇಬುಗಳಿರುವ ಹತ್ತಿಯ ಕೆಲಸದ ಕಿಲ್ಟುಗಳು 2000ದ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ತಯಾರಾಗಲು ಶುರುವಾಗಿ ಈಗ ಎಲ್ಲೆಡೆ ಸಿಗುತ್ತವೆ. ತೋಟದ ಕೆಲಸಕ್ಕೆ ನಾನೂ ಒಂದನ್ನು ಬಳಸುತ್ತೇನೆ, ಅದರ ಮೇಲೆ ಹೇಳುವಂಥ ದೂರಿಲ್ಲ. ಇಲ್ಲಿನ ಧರ್ಮಾರ್ಥ ಅಂಗಡಿಗಳಲ್ಲಿ ಕೈಹೊಲಿಗೆಯ ಹಳೆಯ ಉಣ್ಣೆ ಕಿಲ್ಟುಗಳು ಆಗಾಗ ಬರುತ್ತವೆ. ಕೊಳ್ಳುವ ಮುನ್ನ ಸೊಂಟದ ಒಳಬದಿಯ ಕ್ಯಾನ್‌ವಾಸ್ ಗಟ್ಟಿಯಾಗಿದೆಯೇ ಎಂದು ನೋಡಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನುಸಿಯ ತೂತು ಹುಡುಕಿ. ಸೊಂಟ ಒಂದೆರಡು ಅಂಗುಲ ಹೆಚ್ಚು ಕಡಿಮೆಯಾದರೆ ಚಿಂತಿಸಬೇಕಿಲ್ಲ, ಬಕಲ್‌ಗಳನ್ನು ಸರಿಸಿ ಹೊಲಿಯಬಹುದು. ಕಳೆದ ಚಳಿಗಾಲದಲ್ಲಿ ನನ್ನದಕ್ಕೂ ಹಾಗೆ ಮಾಡಿಸಿದೆ. ಹೊಲಿದುಕೊಟ್ಟ ಅದೇ ಮಹಿಳೆ ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿ, 27 ನಿರಿಗೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ, ಒಂದು ಹೊಲಿಗೆಯೂ ಸಡಿಲವಾಗಿಲ್ಲವೆಂದು ಹೇಳಿ, ಪಟ್ಟಿಗಳನ್ನು ಒಂದು ಅಂಗುಲ ಸರಿಸಿ ಹಿಂದಿರುಗಿಸಿದರು.