ಕೊಡಗಿನಲ್ಲಿ ಖಾಲಿ ಜಾಗ ಕೊಳ್ಳುವುದಾದರೆ: ಪಾಳು ಗದ್ದೆಯೋ, ಬಾಣೆಯೋ?

ಭತ್ತ ಬೆಳೆಯಲು, ಮೀನಿನ ಕೆರೆ ತೋಡಲು ಗದ್ದೆಯೇ ಸರಿ. ನೀರು ಅಲ್ಲೇ ಇರುತ್ತದೆ. ಮನೆಗಾದರೆ ಕಷ್ಟ. ಕೆಸರು ನೆಲಕ್ಕೆ ಅಡಿಪಾಯದ ಖರ್ಚು ಹೆಚ್ಚು, ಭೂಪರಿವರ್ತನೆಯೂ ಆಗಬೇಕು.

ಕಾಫಿ, ಮೆಣಸು ಹಾಕುವವರಿಗೆ ಬಾಣೆ, ಅಂದರೆ ಗದ್ದೆಗೆ ಸೇರಿದ, ಮರಗಳಿರುವ ಗುಡ್ಡದ ಜಾಗ. ತಲೆನೋವೆಲ್ಲ ಕಾಗದದ್ದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯ ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಯಜಮಾನರ) ಜೊತೆ ಕುಟುಂಬದ ಹಲವರ ಹೆಸರಿರುತ್ತದೆ. ಒಬ್ಬರ ಸಹಿ ಬಿಟ್ಟುಹೋದರೂ ಮುಂದೆ ವ್ಯಾಜ್ಯ. ‘ಅನ್‌ರಿಡೀಮ್ಡ್’ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿಲ್ಲ) ಎಂದಿದ್ದರೆ ಮರದ ಹಕ್ಕು ಸರ್ಕಾರದ್ದು. ಮಾರುವವರು ಬೀಟೆ ಮರ ತೋರಿಸಿ ಬೆಲೆ ಏರಿಸಿದರೆ ಒಪ್ಪಬೇಡಿ. ಗುಡ್ಡ ಕಡಿದು ಮಟ್ಟ ಮಾಡುವ ಯೋಚನೆಯಿದ್ದರೆ 2018ರಲ್ಲಿ ಮಕ್ಕಂದೂರು ಕಡೆ ಕುಸಿದ ಇಳಿಜಾರುಗಳನ್ನು ಮೊದಲು ನೋಡಿಬನ್ನಿ.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ, ಗದ್ದೆಯಾಗಲಿ ಬಾಣೆಯಾಗಲಿ, ಆ ಭಾಗವನ್ನು ಅಳೆದು ಗುರುತಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಕೈಸೇರುವ ತನಕ ದೊಡ್ಡ ಮುಂಗಡ ಕೊಡಬೇಡಿ.