ಅದೇ ಹೋಟ್ಲು ಅದೇ ಬಳಚು, ಮೇನಲ್ಲಿ ಐದು ಸ್ಟಾರ್ ಜೂನಲ್ಲಿ ಎರಡು

ಕುಮಟಾ ಹತ್ರ ಅಘನಾಶಿನಿ ಹೊಳೆ ದಂಡೇಲಿರೋ ಸಣ್ಣ ಊಟದ ಹೋಟ್ಲು, ನಾಕೇ ಟೇಬಲ್ಲು. ಹೆಸರು ಹಾಕಲ್ಲ, ಬೈಯೋದೂ ಇದೆ. ಮೇನಲ್ಲಿ ತಿಂದ ಬಳಚಿನ (ಹೊಳೇಲಿ ಸಿಗೋ ಎರಡು ಚಿಪ್ಪಿನ ಜೀವಿ) ಸುಕ್ಕ ಇನ್ನೂ ನೆನಪಿದೆ, ಚಿಪ್ಪು ತುಂಬ ಮಾಂಸ, ಕಾಯಿತುರಿಗಿಂತ ಬಳಚೇ ಸಿಹಿ. ಆ ಆಸೆಗೆ ಜೂನ್ ಕೊನೇಲಿ ಫ್ರೆಂಡ್ಸ್‌ನ ಕಟ್ಕೊಂಡು ಹೋದ್ರೆ ಚಿಪ್ಪೊಳಗೆ ಉಗುರಷ್ಟು ಏನೋ ಅಂಟ್ಕೊಂಡಿತ್ತು, ಸಪ್ಪೆ ಸಪ್ಪೆ.

ಏನಕ್ಕ ಇದು ಅಂದೆ. "ಹೊಳೆಗೆ ಸಿಹಿನೀರು ಬಂದದೆ ತಮಾ, ಬಳಚು ಬಾಯಿ ಮುಚ್ಕಂಡು ಕೂತದೆ, ಮೈ ಎಲ್ಲಿಂದ ಬರ್ಬೇಕು" ಅಂದ್ರು.

ಸಬೂಬು ಅನ್ಕೋಬೇಡಿ, ನಿಜಾನೇ. ಬಳಚಿಗೆ ನಮ್ಮ ಹಾಗೆ ಮೈಯೊಳಗಿನ ಉಪ್ಪನ್ನ ಒಂದೇ ಮಟ್ಟಕ್ಕೆ ಇಟ್ಕೊಳೋಕೆ ಬರಲ್ಲ, ಹೊರಗಿನ ನೀರು ಹೆಂಗೋ ಒಳಗೂ ಹಂಗೆ. ಬೇಸಿಗೇಲಿ ಸಮುದ್ರದ ನೀರು ಒಳಗೆ ನುಗ್ಗಿ ಹೊಳೆ ಉಪ್ಪಾದಾಗ ಜೀವಕೋಶ ಸುರುಟಿಹೋಗ್ಬಾರ್ದಲ್ಲ, ಅದಕ್ಕೆ ಗ್ಲೈಸಿನ್, ಅಲನಿನ್ ಥರದ ಅಮೈನೋ ಆಮ್ಲ ಕೂಡಿಟ್ಕೊಳತ್ತೆ, ನಾವು ಚಪ್ಪರಿಸೋ ಸಿಹಿ ಅದೇ. ಮಳೆನೀರು ಬಂತೋ ಅದೆಲ್ಲ ಖಾಲಿ ಮಾಡತ್ತೆ. ನೀರು ತೀರಾ ಸಿಹಿಯಾದ್ರೆ ಚಿಪ್ಪು ಬಿಗಿಯಾಗಿ ಮುಚ್ಚಿ ಆಕ್ಸಿಜನ್ನೂ ಇಲ್ದೆ ಊಟಾನೂ ಇಲ್ದೆ ಮೈಯಲ್ಲಿ ಕೂಡಿಟ್ಟಿರೋ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು ಸುಟ್ಕೊಂಡು ದಿನ ತಳ್ಳತ್ತೆ. ಬಾಯಿ ಬಿಟ್ರೂ ಕೆನ್ನೀರು, ಪಾಚಿ ಕಣಕ್ಕಿಂತ ಮಣ್ಣೇ ಜಾಸ್ತಿ, ಅದನ್ನ ಲೋಳೇಲಿ ಸುತ್ತಿ ಹೊರಗೆ ಉಗಿಯೋದೇ ಒಂದು ಕೆಲ್ಸ.

ಹಾಗಾಗಿ ಸಪ್ಪೆ ಆಗಿದ್ದಕ್ಕೆ ಸ್ಟಾರ್ ಕಟ್ ಮಾಡ್ತಿಲ್ಲ. ಕಟ್ ಮಾಡಿದ್ದು ಮರಳಿಗೆ! ಮೂರನೇ ತುತ್ತಿಗೇ ಹಲ್ಲಲ್ಲಿ ಕರಕರ. ಹಿಂದ್ಗಡೆ ಕೈ ತೊಳಿಯೋಕೆ ಹೋದಾಗ ನೋಡ್ತೀನಿ, ಬಕೆಟ್ ತುಂಬ ಬಳಚು, ಮೇಲೆ ನಲ್ಲಿನೀರು ಬಿಟ್ಟಿದಾರೆ. ಹೊಳೆ ಸಿಹಿಯಾದ್ರೆ ಬಾಯಿ ಮುಚ್ಚತ್ತೆ ಅಂತ ನಂಗೆ ಪಾಠ ಹೇಳಿದ್ದು ಇದೇ ಅಕ್ಕ ಅಲ್ವಾ, ಬಕೆಟ್ಟಲ್ಲಿ ಮಾತ್ರ ಬಾಯಿ ತೆಗೆದು ಮರಳು ಉಗಿಯತ್ತಾ? ಲೀಟರ್‌ಗೆ 30 ಗ್ರಾಂ ಕಲ್ಲುಪ್ಪು ಕರಗಿಸಿ ಕೆಲವು ಗಂಟೆ ಬಿಟ್ರೆ ತಾನೇ ಉಗಿಯತ್ತೆ. ಹೇಳಿದೆ, "ಹೌದಲ್ಲ" ಅಂತ ನಕ್ರು, ಬಿಲ್ಲಲ್ಲಿ ಒಂದು ರೂಪಾಯಿ ಬಿಡ್ಲಿಲ್ಲ.

ಕುಚಲಕ್ಕಿ ಅನ್ನ, ಮೀನ್ ಸಾರು ಎರಡು ಸಲಾನೂ ಚೆನ್ನಾಗಿತ್ತು. ಬಳಚಿಗೆ ಅಂತಾನೇ ಹೋಗೋರು ಮಾರ್ಚ್ ಏಪ್ರಿಲ್‌ನಲ್ಲಿ ಹೋಗಿ, ಮಧ್ಯಾಹ್ನ ಒಂದು ಗಂಟೆ ಒಳಗೆ, ಆಮೇಲೆ ಪಾತ್ರೆ ಖಾಲಿ.